ಕಾಣದ ಕೀಲು

ಮನುಷ್ಯನು ತನ್ನ ಮೈಯ ಕೀಲುಗಳನ್ನು ನೆನೆಯುವುದು ಅವು ನೋಯತೊಡಗಿದಾಗ ಮಾತ್ರ. ಕಣ್ಣಿಗೆ ಕಾಡಿಗೆಯುಂಟು, ಮುಡಿಗೆ ಹೂವುಂಟು, ಕೊರಳಿಗೆ ಹಾರವುಂಟು. ಸೊಂಟದ ಕೀಲಿಗೆ ನೋವಿನೆಣ್ಣೆಯ ಹೊರತು ಬೇರೆ ಉಪಚಾರವಿಲ್ಲ. ವಾಹನದ ಪಾಡೂ ಇದೇ. ಹೊಸ ಕಾರಿಗೆ ಅರಿಸಿನ ಕುಂಕುಮವಿಟ್ಟು, ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿರಿಸಿ ಪೂಜಿಸುವ ಗೃಹಸ್ಥನು, ಆ ಚಕ್ರವನ್ನು ಹಿಡಿದು ನಿಲ್ಲಿಸಿರುವ ಕೀಲು ಯಾವುದೆಂದು ಬಗ್ಗಿ ನೋಡುವುದಿಲ್ಲ.

ಮೆಕ್ಯಾನಿಕರು ಬಾಲ್ ಜಾಯಿಂಟ್ ಎಂದು ಕರೆಯುವ ಆ ಕೀಲು ಮನುಷ್ಯನ ಸೊಂಟದ ಕೀಲಿನ ತದ್ರೂಪವೇ ಸರಿ. ಬಟ್ಟಲಿನಂಥ ಕುಳಿಯೊಂದರಲ್ಲಿ ಉಕ್ಕಿನ ಗುಂಡು ಕುಳಿತಿರುತ್ತದೆ. ಚಕ್ರವು ಹಳ್ಳದಿಣ್ಣೆಗಳಿಗೆ ತಕ್ಕಂತೆ ಏರಿಳಿಯಬೇಕು. ಅದೇ ಹೊತ್ತಿಗೆ ಎಡಬಲಕ್ಕೂ ತಿರುಗಬೇಕು. ಈ ಎರಡು ಚಲನೆಗೂ ಒಪ್ಪುವ ಸಂಧಿ ಅದು. ಒಳಗೆ ಗ್ರೀಸು, ಹೊರಗೆ ರಬ್ಬರಿನ ಟೋಪಿ. ಟೋಪಿ ಹರಿಯಿತೆಂದರೆ ಧೂಳೂ ನೀರೂ ಒಳಹೊಕ್ಕು ಗುಂಡು ಸವೆಯತೊಡಗುತ್ತದೆ. ಜೀಪಿನಂಥ ಕೆಲವು ವಾಹನಗಳಲ್ಲಿ ಮುಂದಿನ ಅಚ್ಚಿನ ತುದಿಗಳಲ್ಲಿ ಮೇಲೊಂದು ಕೆಳಗೊಂದರಂತೆ ಒಟ್ಟು ನಾಲ್ಕು ಕೀಲುಗಳಿರುತ್ತವೆ; ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಬದಿಗೊಂದರಂತೆ ಎರಡೇ. ಸವೆದ ಕೀಲು ಕುಳಿಯಿಂದ ಕಳಚಿದರೆ ಚಕ್ರವು ಮುರಿದ ಕಾಲಿನಂತೆ ಮಡಿಚಿಕೊಳ್ಳುತ್ತದೆ. ಆಗ ಸ್ಟಿಯರಿಂಗ್ ಹಿಡಿದ ಕೈ ಎಷ್ಟು ಪಳಗಿದ್ದರೂ ನಿಷ್ಪ್ರಯೋಜಕ.

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರ ರಸ್ತೆಯಿಂದ ಒಳಸರಿದ ಅಂಜನಾಪುರದಲ್ಲಿ ಈ ಸವೆತಕ್ಕೆ ಅನುಕೂಲಗಳು ಹೇರಳ. ಅಲ್ಲಿ ನಿವೇಶನಗಳು ಮೊದಲು ಬಂದವು, ಮನೆಗಳು ಅನಂತರ, ಕೊಳವೆಗಳು ಅದಕ್ಕೂ ಅನಂತರ. ಒಂದೊಂದು ಕೊಳವೆಗೂ ರಸ್ತೆಯು ಒಂದೊಂದು ಸಲ ಎದೆ ಸೀಳಿಕೊಂಡಿತು. 2021ರ ಜನವರಿಯಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿದ ಮೇಲಂತೂ, ಎತ್ತರದಲ್ಲಿ ಅಲುಗದೆ ಸಾಗುವ ರೈಲನ್ನೂ ನೆಲದಲ್ಲಿ ಕುಣಿಯುತ್ತ ಬರುವ ಕಾರನ್ನೂ ಒಂದೇ ನೋಟದಲ್ಲಿ ಕಾಣುವ ಭಾಗ್ಯ ಆ ಭಾಗದ ಜನಕ್ಕೆ ಒದಗಿತು.

ಅಂಥ ಬಡಾವಣೆಯ ಗೃಹಸ್ಥರೊಬ್ಬರ ಹಳೆಯ ಕಾರು ಗುಂಡಿ ಸಿಕ್ಕಿದಾಗಲೆಲ್ಲ ‘ಟಕ್’ ಎನ್ನತೊಡಗಿತು. ಅವರು ಮುಂಭಾಗವನ್ನೆತ್ತಿ, ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದರು. ಮುದುಕರ ಹಲ್ಲಿನಂತೆ ಅಲುಗಿತು. ಕೀಲಿರುವ ಕಬ್ಬಿಣದ ತೋಳನ್ನೇ ಇಡಿಯಾಗಿ ಬದಲಿಸಬೇಕೆಂದು ಗ್ಯಾರೇಜಿನವರು ಹೇಳಿದರು. ತೋಳು ಗಟ್ಟಿಯಾಗಿದೆ, ಸವೆದದ್ದು ಕೀಲು ಮಾತ್ರ. ಅದನ್ನು ಒತ್ತಿ ತೆಗೆದು ಹೊಸದನ್ನು ಒತ್ತಿ ಕೂರಿಸಿದರೆ ಸಾಕೆಂದು ಗೃಹಸ್ಥರ ವಾದ. ಕೀಲನ್ನೇ ಬೇರೆಯಾಗಿ ಬದಲಿಸಬಹುದಾದ ತೋಳು ಅದಾಗಿದ್ದುದರಿಂದ ವಾದದಲ್ಲಿ ಹುರುಳಿತ್ತು. ಕೆಲಸವನ್ನು ಮನೆಯಲ್ಲಿಯೇ ಮಾಡುವೆನೆಂದು ಅವರು ಸಾರಿದಾಗ ಮಡದಿ ಹೇಳಿದ್ದು ಇಷ್ಟೇ:

“ಏನ್ರೀ, ಅತ್ತೆಯವರನ್ನೂ ಮಗೂನೂ ಕೂರಿಸಿಕೊಂಡು ಹೋಗೋ ಗಾಡಿ ಅದು.”

ಆ ಮಾತಿನಲ್ಲಿ ವಿರೋಧವಿರಲಿಲ್ಲ, ಇದ್ದುದು ಲೆಕ್ಕ. ಗ್ಯಾರೇಜಿನಲ್ಲಿ ಮಾಡಿಸಿದ ಕೆಲಸ ಕೆಟ್ಟರೆ ಬಯ್ಯಲು ಒಬ್ಬರಿರುತ್ತಾರೆ. ಸ್ವಂತ ಕೈಯಿಂದ ಮಾಡಿದ್ದಕ್ಕೆ ಆ ಸಮಾಧಾನವೂ ಇಲ್ಲ.

ಗೃಹಸ್ಥರು ಮೆಟ್ರೋ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದು, ಮೋಟಾರು ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದ ಜೆ. ಸಿ. ರಸ್ತೆಯಿಂದ ಒಂದು ಜೊತೆ ಕೀಲುಗಳನ್ನು ತಂದರು. ಒಂದು ಬದಿಯದು ಸವೆದಿದ್ದರೆ ಇನ್ನೊಂದರದೂ ದೂರವಿಲ್ಲವೆಂಬುದು ಬಲ್ಲವರ ಮಾತು. ಭಾನುವಾರ ಬೆಳಿಗ್ಗೆ ಸಮನೆಲದಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಎತ್ತಿದ ಮೇಲೆ ಕೆಳಗೆ ಗಟ್ಟಿಯಾದ ಸ್ಟ್ಯಾಂಡುಗಳನ್ನಿಟ್ಟರು. ಬರಿಯ ಜಾಕನ್ನು ನಂಬಿ ಕಾರಿನಡಿ ತಲೆಯಿಡುವುದು ಧೈರ್ಯವಲ್ಲ, ಅವಿವೇಕ. ಸ್ಪ್ಲಿಟ್ ಪಿನ್ನನ್ನು ಕಿತ್ತು, ನಟ್ಟನ್ನು ಪೂರ್ತಿ ಬಿಚ್ಚದೆ ಕೊಂಚ ಸಡಿಲಿಸಿ, ಪಕ್ಕದಿಂದ ಎರಡು ಪೆಟ್ಟು ಕೊಟ್ಟಾಗ ಹಳೆಯ ಹಿಡಿತ ಬಿಟ್ಟಿತು. ಸಡಿಲಿಸಿದ ನಟ್ಟು ಅಲ್ಲಿಯೇ ಇದ್ದುದರಿಂದ ತೋಳು ಥಟ್ಟನೆ ಸಿಡಿಯಲಿಲ್ಲ.

ಮುಂದಿನದು ಒತ್ತುವ ಕೆಲಸ. ಅದರ ಸಾಧನ ಕೊಕ್ಕೆಯಂತೆ ಬಾಗಿದ ದಪ್ಪ ಕಬ್ಬಿಣದ ಚೌಕಟ್ಟು. ಒಂದು ತುದಿಯಲ್ಲಿ ಉದ್ದನೆಯ ತಿರುಪು. ಚಹಾ ತಂದ ಮನೆಯಾಕೆ ಅದನ್ನು ನೋಡಿ, “ಇದು ನಮ್ಮ ಒತ್ತು ಶಾವಿಗೆ ಒರಳೇ ಅಲ್ಲವೇ?” ಎಂದರು. ತತ್ತ್ವವಂತೂ ಒಂದೇ. ತಿರುಪನ್ನು ಸುತ್ತಿದಂತೆ ಕೈಯ ಅಲ್ಪಬಲವು ಅನೇಕ ಮಡಿಯಾಗಿ ಎದುರಿನದನ್ನು ಒತ್ತುತ್ತದೆ. ತೋಳಿನ ರಂಧ್ರವು ಕೀಲಿಗಿಂತ ಕೂದಲೆಳೆಯಷ್ಟು ಕಿರಿದು. ಕೀಲನ್ನು ಹಿಡಿದಿಡುವುದು ಆ ಬಿಗಿಯೇ. ಆದುದರಿಂದ ಹೊಸದನ್ನು ಸುತ್ತಿಗೆಯಿಂದ ಹೊಡೆದು ಸೇರಿಸಬಾರದು, ನಡುವೆಯೂ ಒತ್ತಬಾರದು. ಅಂಚಿನ ಮೇಲೆ ಬಳೆಯಂಥ ಲೋಹದ ಕೊಳವೆಯನ್ನಿಟ್ಟು ಸುತ್ತಲೂ ಸಮನಾಗಿ ಒತ್ತಬೇಕು.

ಹಳೆಯದು ನರಳುತ್ತ ಹೊರಬಂತು. ರಂಧ್ರವನ್ನೊರಸಿ ಹೊಸದನ್ನಿಟ್ಟು ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಮನೆಯಾಕೆ, “ನಿಲ್ಲಿಸಿ. ಆ ಕಡೆ ಸ್ವಲ್ಪ ಮೇಲಿದೆ” ಎಂದರು.

“ಇನ್ನೆರಡು ಸುತ್ತು ಬಿಗಿದರೆ ತಾನೇ ಕೂರುತ್ತೆ.”

“ಓರೆ ಹೊರಟ ಒರಳು ಬಲ ಹಾಕಿದರೆ ನೆಟ್ಟಗಾಗೋದಿಲ್ಲರೀ. ಬಿಚ್ಚಿ ಮತ್ತೆ ಇಡಬೇಕು.”

ಗೃಹಸ್ಥರು ಒಂದು ಗಳಿಗೆ ಸುಮ್ಮನಿದ್ದರು. ಕೀಲು ಓರೆಯಾಗಿ ಹೊಕ್ಕರೆ ರಂಧ್ರದ ಗೋಡೆಯನ್ನು ಕೆತ್ತುತ್ತದೆ. ಕೆತ್ತಿದ ರಂಧ್ರದಲ್ಲಿ ಯಾವ ಕೀಲೂ ಬಿಗಿಯಾಗಿ ನಿಲ್ಲದು. ಅದು ಕಣ್ಣಿಗೂ ಕಾಣದು. ರಿಂಗು ಹಾಕಿ, ಗ್ರೀಸು ಒರಸಿ, ಚಕ್ರವನ್ನು ಮುಚ್ಚಿಬಿಟ್ಟರೆ ಅಲ್ಲೊಂದು ದೋಷವಿದೆಯೆಂದು ಪರರಿಗೆ ತಿಳಿಯುವ ಬಗೆಯೇ ಇಲ್ಲ. ತಿಳಿದಿರುವವರು ಇಬ್ಬರೇ: ಒತ್ತಿದವರು, ನೋಡಿದವರು. ಅವರು ತಿರುಪನ್ನು ಹಿಂದಕ್ಕೆ ಸುತ್ತಿದರು. ಎರಡನೆಯ ಸಲ ಮಡದಿಯೇ ಕೊಳವೆಯನ್ನು ನೆಟ್ಟಗೆ ಹಿಡಿದರು. ಕೀಲು ಹಗುರವಾಗಿ ಇಳಿದು ತಳ ಮುಟ್ಟಿತು.

ಕೈಕೇಯಿಯ ಕಥೆಯನ್ನು ಇಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ಯುದ್ಧದಲ್ಲಿ ದಶರಥನ ರಥದ ಕಡೆಗೀಲು ಕಳಚಿದಾಗ ಆಕೆ ತನ್ನ ಬೆರಳನ್ನೇ ಕೀಲಾಗಿ ಕೊಟ್ಟು ಚಕ್ರವನ್ನು ಉಳಿಸಿದಳೆಂದು ಜನ ಹೇಳಿಕೊಂಡು ಬಂದಿದ್ದಾರೆ. ಅದಕ್ಕೆ ದೊರೆತ ಎರಡು ವರಗಳಿಂದ ರಾಮನು ಕಾಡಿಗೆ ಹೋದ. ಆ ಮಹಾಕಾವ್ಯದ ಗತಿಯೇ ತಿರುಗಿದ್ದು ಒಂದು ಬೆರಳುದ್ದದ ಕೀಲಿನ ಮೇಲೆ ಎಂದರೆ ಅತಿಶಯೋಕ್ತಿಯಾಗಲಾರದು. ದಶರಥನ ರಥಕ್ಕೆ ಕವಚಗಳಿದ್ದುವು, ಧ್ವಜವಿತ್ತು. ಹೊರಡುವ ಮುನ್ನ ಯಾರಾದರೂ ಚಕ್ರದ ಬಳಿ ಬಗ್ಗಿ ನೋಡಿದ್ದರೆ ಸಾಕಾಗಿತ್ತು.

ಸಂಜೆಯ ಹೊತ್ತಿಗೆ ಎರಡನೆಯ ಬದಿಯೂ ಮುಗಿಯಿತು. ನಟ್ಟುಗಳನ್ನು ನಿಗದಿಯಾದಷ್ಟೇ ಬಿಗಿದು, ಪಿನ್ನಿನ ರಂಧ್ರ ಹೊಂದದಿದ್ದಾಗ ಸಡಿಲಿಸದೆ ಮುಂದಕ್ಕೇ ತಿರುಗಿಸಿ, ಹೊಸ ಪಿನ್ನುಗಳನ್ನು ಹಾಕಿದ್ದಾಯಿತು. ಮರುದಿನ ಗೃಹಸ್ಥರು ಒಬ್ಬರೇ ನಿಧಾನವಾಗಿ ಹೋಗಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದರು. ಹಳೆಯ ಗುಂಡಿಗಳು ಅಲ್ಲಿಯೇ ಇದ್ದುವು. ‘ಟಕ್’ ಎಂಬ ಸದ್ದು ಮಾತ್ರ ಇರಲಿಲ್ಲ.

ಮುಂದಿನ ಭಾನುವಾರ ಅತ್ತೆಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮಗಳನ್ನು ಪಕ್ಕಕ್ಕೆ ಹತ್ತಿಸಿ, ಮನೆಯಾಕೆ ತಾವೂ ಹತ್ತಿದರು. ಗೃಹಸ್ಥರು ಉದಾರವಾಗಿ, “ಕೀಲು ಉಳಿಸಿಕೊಟ್ಟವಳು ನೀನು. ಎರಡು ವರ ಕೇಳು” ಎಂದರು.

“ಒಂದೇ ಸಾಕು. ನೂರು ಕಿಲೋಮೀಟರ್ ಆದಮೇಲೆ ಇನ್ನೊಂದು ಸಲ ಬಗ್ಗಿ ನೋಡಿ.”