ಕಾಗದದ ನಕ್ಷತ್ರವೂ ಎರಡು ನುಡಿಯ ಮನೆಯೂ

ಮಾರ್ಗಶಿರದ ಚಳಿ ತುಂಗಭದ್ರೆಯ ಎರಡು ದಂಡೆಗಳ ಮೇಲೂ ಸಮನಾಗಿ ಇಳಿಯುವ ಕಾಲದಲ್ಲಿ, ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು ಹೊಸ ಹುಲ್ಲಿನ ಬಣವೆಗಳು ಏಳುತ್ತಿರುವಾಗ, ಹೊಸಪೇಟೆಯ ಓಣಿಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಯ ಮುಂಬಾಗಿಲಿಗೆ ಕಾಗದದ ನಕ್ಷತ್ರ ತೂಗುವುದನ್ನು ಈ ಪ್ರಾಂತದವರೆಲ್ಲರೂ ಕಂಡಿದ್ದಾರೆ. ಆ ನಕ್ಷತ್ರ ಕ್ರೈಸ್ತರ ಮನೆಯದೆಂಬುದು ನಿಜ. ಆದರೆ ಅದನ್ನು ಕಟ್ಟಿದ ಕೈಗಳೆಲ್ಲವೂ ಆ ಮನೆಯವೇ ಆಗಿರಬೇಕೆಂಬ ನಿಯಮ ನಮ್ಮ ಓಣಿಯಲ್ಲಿ ಎಂದೂ ಇದ್ದುದಿಲ್ಲ. ಶಾಲೆಗೆ ರಜೆ ಸಿಕ್ಕಿದ ಮಕ್ಕಳು ಯಾರ ಪಡಸಾಲೆಯಲ್ಲಿ ಕತ್ತರಿಯೂ ಬಣ್ಣದ ಹಾಳೆಯೂ ಕಾಣಿಸಿದುವೋ ಅಲ್ಲಿ ನೆರೆಯುತ್ತಾರೆ; ನೆರೆದ ಮೇಲೆ ಯಾರಿಗೆ ಯಾವ ನುಡಿ ಬಾಯಿಗೆ ಬಂದರೆ ಆ ನುಡಿಯಲ್ಲಿ ಮಾತು ಸಾಗುತ್ತದೆ.

ಗಡಿನಾಡೆಂದರೆ ಭೂಪಟದ ಗೆರೆಗೆ ಹತ್ತಿರವಾದ ನೆಲವೆಂದಷ್ಟೇ ತಿಳಿಯುವವರು ನಮ್ಮ ಸೀಮೆಯನ್ನು ಅರ್ಧ ಮಾತ್ರ ಅರಿತವರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಬಹುಭಾಗ ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ಮೈಸೂರನ್ನು ಸೇರಿದಾಗ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದುವು. ಗೆರೆ ಬಿದ್ದದ್ದು ಕಚೇರಿಯ ಕಾಗದದ ಮೇಲೆ, ಬೀಗರ ಮನೆಗಳು ಮಾತ್ರ ಗೆರೆಯ ಎರಡು ಕಡೆಯಲ್ಲೂ ಇದ್ದಂತೆಯೇ ಇದ್ದುವು. ಅದೇ ವರ್ಷ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಿತು. ಕಾಲುವೆಯ ನೀರನ್ನು ಅರಸಿಕೊಂಡು ಕರಾವಳಿ ಆಂಧ್ರದಿಂದ ಬಂದ ರೈತಕುಟುಂಬಗಳು ಕಂಪ್ಲಿ, ಗಂಗಾವತಿ, ಸಿರುಗುಪ್ಪಗಳ ಸುತ್ತ ಕಟ್ಟಿಕೊಂಡ ಊರುಗಳನ್ನು ನಾವು ಇಂದಿಗೂ ಕ್ಯಾಂಪುಗಳೆಂದೇ ಕರೆಯುತ್ತೇವೆ. 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರಿನಲ್ಲಿ ಮರಾಠಿಯ ಬಳಕೆಯುಂಟು, ತಾಂಡಾಗಳಲ್ಲಿ ಲಂಬಾಣಿ ನುಡಿಯುಂಟು, ಪೇಟೆಗಳಲ್ಲೆಲ್ಲ ಉರ್ದುವುಂಟು. ಇದು ಹೊಸ ಸಂಗತಿಯೂ ಅಲ್ಲ. ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ರಚಿಸಿದ ಕೃಷ್ಣದೇವರಾಯನ ಆಶ್ರಯದಲ್ಲಿಯೇ ತಿಮ್ಮಣ್ಣಕವಿ ಕನ್ನಡ ಭಾರತವನ್ನು ಪೂರ್ಣಗೊಳಿಸಿದನು, 1520ರ ಸುಮಾರಿಗೆ ಹಂಪಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಈ ನಗರದಲ್ಲಿ ವ್ಯಾಪಾರನಿಮಿತ್ತವಾಗಿ ಸಕಲ ದೇಶಗಳ ಜನರೂ ನೆರೆದಿದ್ದಾರೆಂದು ಬರೆದಿಟ್ಟನು.

ಕ್ರಿಸ್ತಜಯಂತಿಯೂ ಈ ನೆಲಕ್ಕೆ ನಿನ್ನೆ ಮೊನ್ನೆ ಬಂದ ಹಬ್ಬವಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬಾತನು 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡವನ್ನು ಕಲಿತು, ಸಂಗಡಿಗರೊಡನೆ ದೀರ್ಘಕಾಲ ದುಡಿದುದರ ಫಲವಾಗಿ 1831ರ ವೇಳೆಗೆ ಸಮಗ್ರ ಬೈಬಲ್ ಕನ್ನಡದಲ್ಲಿ ದೊರೆಯಿತು. ಕಥೋಲಿಕರ ಬಳ್ಳಾರಿ ಧರ್ಮಪ್ರಾಂತ 1949ರಲ್ಲಿ ಸ್ಥಾಪಿತವಾಯಿತು. ಕನ್ನಡದಲ್ಲಿ ಪ್ರಾರ್ಥಿಸುವ ಕುಟುಂಬವೂ ತೆಲುಗಿನಲ್ಲಿ ಪ್ರಾರ್ಥಿಸುವ ಕುಟುಂಬವೂ ಒಂದೇ ಓಣಿಯಲ್ಲಿರುವುದು ನಮ್ಮಲ್ಲಿ ಸಾಮಾನ್ಯ. ನಮ್ಮ ಪಕ್ಕದ ಮನೆಯವರು ಕ್ಯಾಂಪಿನಿಂದ ಹೊಸಪೇಟೆಗೆ ಬಂದು ನೆಲೆಸಿದ ತೆಲುಗು ಕ್ರೈಸ್ತರು. ನಮ್ಮದೋ, ತಾಯಿಯ ತವರು ರಾಯದುರ್ಗದ ಕಡೆಯದಾದ ಕಾರಣ, ಅಡುಗೆಮನೆಯಲ್ಲಿ ತೆಲುಗನ್ನೂ ಪಡಸಾಲೆಯಲ್ಲಿ ಕನ್ನಡವನ್ನೂ ಆಡುತ್ತ ಬಂದ ಮನೆ. ಪಕ್ಕದ ಮನೆಯ ಹಿರಿಯಾಕೆಯನ್ನು ನಮ್ಮ ಮಕ್ಕಳೂ ಅಮ್ಮಮ್ಮ ಎಂದೇ ಕರೆಯುತ್ತಾರೆ. ನನ್ನ ತಾಯಿ ಆ ಮಕ್ಕಳಿಗೆ ಅವ್ವ.

ನಕ್ಷತ್ರವನ್ನು ಕಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಅದನ್ನು ಕಣ್ಣಾರೆ ಕಂಡವರಿಗಷ್ಟೇ ಅದರ ಸರಳತೆಯೂ ಅದರಲ್ಲಿ ಅಡಗಿರುವ ಶಿಸ್ತೂ ಗೊತ್ತು. ಬುಟ್ಟಿ ಹೆಣೆಯುವ ಮೇದಾರರಲ್ಲಿ ತೆಳುವಾಗಿ ಸೀಳಿಸಿದ ಬಿದಿರಿನ ಹತ್ತು ಕಡ್ಡಿಗಳನ್ನು, ಎಲ್ಲವೂ ಒಂದೇ ಮೊಳದುದ್ದ ಇರುವಂತೆ ಕತ್ತರಿಸಿಕೊಳ್ಳಬೇಕು. ಐದು ಕಡ್ಡಿಗಳನ್ನು ಒಂದರ ಮೇಲೊಂದು ಹಾಯಿಸಿ ತುದಿಗೆ ತುದಿ ಸೇರಿಸಿ ದಾರದಿಂದ ಬಿಗಿದರೆ ಒಂದು ಚಪ್ಪಟೆಯಾದ ನಕ್ಷತ್ರವಾಗುತ್ತದೆ; ಉಳಿದ ಐದರಿಂದ ಇನ್ನೊಂದು. ಈ ಎರಡನ್ನೂ ಒಂದರ ಮೇಲೊಂದಿಟ್ಟು ಐದು ಕೊನೆಗಳಲ್ಲಿ ಕಟ್ಟಿದ ಮೇಲೆ, ನಡುವೆ ಕಡ್ಡಿಗಳು ಹಾಯುವ ಐದು ಸ್ಥಳಗಳಲ್ಲಿ ನಾಲ್ಕು ಬೆರಳುದ್ದದ ಐದು ಚಿಕ್ಕ ಕಡ್ಡಿಗಳನ್ನು ಎರಡು ಚೌಕಟ್ಟುಗಳ ಮಧ್ಯೆ ನಿಲ್ಲಿಸಬೇಕು. ಆಗ ಅದುವರೆಗೆ ಚಪ್ಪಟೆಯಾಗಿದ್ದ ಆಕೃತಿ ಉಸಿರೆಳೆದುಕೊಂಡಂತೆ ಉಬ್ಬಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಮಕ್ಕಳ ಮುಖಗಳನ್ನು ನೋಡಬೇಕು. ಮುಂದೆ, ತೆಳು ಬಣ್ಣದ ಕಾಗದವನ್ನು ಚೌಕಟ್ಟಿಗಿಂತ ಒಂದು ಬೆರಳು ಹೆಚ್ಚಾಗಿ ಕತ್ತರಿಸಿ, ಕಾಯಿಸಿ ಆರಿಸಿದ ಮೈದಾ ಹಿಟ್ಟಿನ ಅಂಟನ್ನು ಅಂಚಿಗೆ ಸವರಿ, ಕಡ್ಡಿಯ ಸುತ್ತ ಮಡಚಿ ಒತ್ತಬೇಕು. ಹಿಂಬದಿಯ ಒಂದು ಮೂಲೆಯನ್ನು ದೀಪವಿಡುವುದಕ್ಕಾಗಿ ತೆರೆದು ಬಿಡಬೇಕು; ಈಗಿನ ಎಲ್‌ಇಡಿ ಬಲ್ಬುಗಳು ಕಾಗದವನ್ನು ಸುಡುವಷ್ಟು ಕಾಯುವುದಿಲ್ಲವಾದುದರಿಂದ ಹಿಂದಿನ ಭಯವೂ ಇಲ್ಲ. ಗಾಳಿಪಟ ಬಲ್ಲ ಹುಡುಗರು ಕೆಳಗಿನ ಎರಡು ಕೊನೆಗಳಿಗೆ ಬಾಲಂಗೋಚಿ ಕಟ್ಟದೆ ಬಿಡುವುದಿಲ್ಲ. ಫಿಲಿಪೀನ್ಸ್ ದ್ವೀಪಗಳ ಜನ ಪರೋಲ್ ಎಂದು ಕರೆಯುವ ತಮ್ಮ ನಕ್ಷತ್ರದೀಪವನ್ನು ಪರಂಪರೆಯಿಂದ ಇದೇ ಬಿದಿರು, ಇದೇ ಕಾಗದಗಳಿಂದ ಕಟ್ಟುತ್ತ ಬಂದಿದ್ದಾರೆ.

ಇಷ್ಟು ಕೆಲಸ ನಡೆಯುವಾಗ ಕಿವಿಗೊಟ್ಟು ಕೇಳಿದರೆ ಗಡಿನಾಡಿನ ಮಾತಿನ ಪದ್ಧತಿ ತಾನಾಗಿ ತೆರೆದುಕೊಳ್ಳುತ್ತದೆ. “ಅಣ್ಣಾ, ಈ ಕೊನೆ ಗಟ್ಟಿಗಾ ಪಟ್ಟುಕೋ, ನಾನು ದಾರ ಸುತ್ತತೀನಿ,” ಎಂದು ಪಕ್ಕದ ಮನೆಯ ಹುಡುಗಿ ಹೇಳುತ್ತಾಳೆ. “ಇನ್ನೂ ಬಿಗಿ ಮಾಡು, ಲೇಕಪೋತೆ ಜಾರತೈತಿ,” ಎಂದು ನನ್ನ ತಂಗಿಯ ಮಗ ಉತ್ತರಿಸುತ್ತಾನೆ. “ತೊಂದರಪಡಕಂಡ್ರಾ, ನೆಮ್ಮದಿಗಾ ಕಟ್ಟಂಡಿ,” ಎಂದು ಅಮ್ಮಮ್ಮ ಕುಳಿತಲ್ಲಿಂದಲೇ ಸಮಾಧಾನ ಹೇಳಿದರೆ, “ಅಂಟು ಭಾಳ ಹಚ್ಚಬ್ಯಾಡ್ರಪ್ಪಾ, ಹಾಳಿ ಹರೀತೈತಿ,” ಎಂದು ನನ್ನ ತಾಯಿ ಎಚ್ಚರಿಸುತ್ತಾಳೆ. ಇಲ್ಲಿ ಯಾರೂ ಯಾರಿಗೂ ಭಾಷೆಯನ್ನು ಬೋಧಿಸುತ್ತಿಲ್ಲ. ಆದರೆ ಹಿಡಿ, ಸುತ್ತು, ಬಿಗಿ, ಮಡಚು, ಒತ್ತು, ಸ್ವಲ್ಪ ತಡೆ ಎಂಬ ಆಜ್ಞೆಗಳೂ ಕೋರಿಕೆಗಳೂ ಎರಡೂ ನುಡಿಗಳಲ್ಲಿ ಬಂದು, ಬಂದ ಕೂಡಲೆ ಕೈಯ ಕಾರ್ಯವಾಗಿ ಪರಿಣಮಿಸುವುದರಿಂದ, ಕಿವಿಗೆ ಬಿದ್ದ ಮಾತು ಅರ್ಥಸಹಿತವಾಗಿ ಮನಸ್ಸಿನಲ್ಲಿ ನೆಲೆಯೂರುತ್ತದೆ. ಪುಸ್ತಕದ ಪಾಠ ಮರೆತುಹೋದೀತು. ತಾನೇ ಬಿಗಿದ ಗಂಟಿನೊಡನೆ ಕಲಿತ ಮಾತು ಮರೆಯುವಂಥದಲ್ಲ.

ಕತ್ತರಿಯ ಕೆಲಸದಲ್ಲಿ ಮಕ್ಕಳಿಗೆ ಅತ್ಯಂತ ಪ್ರಿಯವಾದದ್ದು ಆರು ಎಸಳಿನ ಹಿಮದ ಹರಳು. ಹಿಮವನ್ನು ಇವರಲ್ಲಿ ಯಾರೂ ಕಂಡಿಲ್ಲ. ಆದರೂ ಕಿಟಕಿಗೆ ಅಂಟಿಸಲು ಅದೇ ಬೇಕು. ಚೌಕಾಕಾರದ ಹಾಳೆಯನ್ನು ಕರ್ಣರೇಖೆಯ ಗುಂಟ ಮಡಚಿ ತ್ರಿಕೋನ ಮಾಡಿ, ಉದ್ದನೆಯ ಅಂಚಿನ ನಟ್ಟನಡುವೆ ಗುರುತಿಟ್ಟು, ಆ ಬಿಂದುವಿನಿಂದ ತ್ರಿಕೋನವನ್ನು ಮೂರು ಸಮಭಾಗಗಳಾಗಿ ಒಂದರ ಮೇಲೊಂದು ಮಡಚಬೇಕು. ನೂರ ಎಂಬತ್ತು ಅಂಶದ ಕೋನ ಮೂರಾಗಿ ಅರವತ್ತರಷ್ಟು ಉಳಿಯುತ್ತದೆ. ಮತ್ತೊಮ್ಮೆ ಅರ್ಧಕ್ಕೆ ಮಡಚಿ, ಮೇಲೆ ಉಳಿದ ತುಂಡನ್ನು ಓರೆಯಾಗಿ ಕತ್ತರಿಸಿ, ಅಂಚುಗಳಲ್ಲಿ ಮನ ಬಂದಂತೆ ಕಚ್ಚು ಹಾಕಿ ಬಿಡಿಸಿದರೆ, ಯಾರೂ ಮೊದಲೇ ಊಹಿಸದ ಒಂದು ಷಡ್ದಳ ಕೃತಿ ಕೈಯಲ್ಲಿರುತ್ತದೆ. ಹಿಮದ ಹರಳಿಗೆ ಆರೇ ಕೋನಗಳೇಕೆ ಎಂಬ ಪ್ರಶ್ನೆಯನ್ನು ಕುರಿತು ಖಗೋಳಜ್ಞ ಕೆಪ್ಲರನು 1611ರಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದು ತನ್ನ ಪೋಷಕನಿಗೆ ಹೊಸವರ್ಷದ ಕಾಣಿಕೆಯಾಗಿ ಕೊಟ್ಟನು. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಷಟ್ಕೋಣದ ಜಾಲವಾಗಿ ಹೆಣೆದುಕೊಳ್ಳುವುದೇ ಅದರ ಕಾರಣವೆಂಬುದನ್ನು ಬಹುಕಾಲದ ಮೇಲೆ ವಿಜ್ಞಾನ ತಿಳಿಸಿತು. ನಮ್ಮ ಮಕ್ಕಳಿಗಾದರೋ ಷಟ್ಕೋಣ ಅಪರಿಚಿತವಲ್ಲ. ಹಂಪಿಯಲ್ಲಿ ಕೋದಂಡರಾಮನ ಗುಡಿಯ ಸಮೀಪದಲ್ಲಿ, ವ್ಯಾಸತೀರ್ಥರು ಪ್ರತಿಷ್ಠಾಪಿಸಿದರೆಂದು ಪರಂಪರೆ ಹೇಳುವ ಯಂತ್ರೋದ್ಧಾರಕ ಆಂಜನೇಯನು ಷಟ್ಕೋಣದ ಮಧ್ಯದಲ್ಲಿಯೇ ಧ್ಯಾನಾಸೀನನಾಗಿದ್ದಾನೆ, ಬಿಡಿಸಿದ ಕಾಗದವನ್ನು ಬೆಳಕಿಗೆ ಹಿಡಿದು “ಹಂಪಿ ಹನುಮಪ್ಪನ ಗುಡಿಯಾಗೂ ಹಿಂಗೇ ಐತಲ್ಲ!” ಎಂದು ಕೂಗಿದ ಮಗುವಿಗೆ ಕ್ಷೇತ್ರಗಣಿತವನ್ನು ಪ್ರತ್ಯೇಕವಾಗಿ ಪರಿಚಯಿಸಬೇಕಾದ ಅಗತ್ಯ ನನಗೆ ಕಾಣಲಿಲ್ಲ.

ಮಡಚಿದ ಕಾಗದದಲ್ಲಿ ಗಣಿತವನ್ನು ಕಾಣುವ ಈ ವಿದ್ಯೆಗೆ ನಮ್ಮ ದಕ್ಷಿಣದೇಶದಲ್ಲಿ ಗೌರವದ ಇತಿಹಾಸವೇ ಉಂಟು. ಬಳ್ಳಾರಿ ಸೀಮೆಯೂ ಮದ್ರಾಸ್ ಆಡಳಿತದಲ್ಲಿದ್ದ ದಿನಗಳಲ್ಲಿ, ಅದೇ ಪ್ರಾಂತದ ಕಂದಾಯ ಇಲಾಖೆಯ ಅಧಿಕಾರಿಯಾಗಿದ್ದ ಟಿ. ಸುಂದರರಾಯರು, ಬಾಲವಾಡಿಯ ಮಕ್ಕಳಿಗೆಂದು ಜರ್ಮನಿಯ ಫ್ರೋಬೆಲನು ರೂಢಿಗೆ ತಂದ ಕಾಗದ ಮಡಿಸುವ ಆಟದಿಂದ ಪ್ರೇರಿತರಾಗಿ, ಕಾಗದವನ್ನು ಮಡಿಸಿಯೇ ಕ್ಷೇತ್ರಗಣಿತದ ಪ್ರಮೇಯಗಳನ್ನು ತೋರಿಸುವ ಗ್ರಂಥವನ್ನು 1893ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಪ್ರಸ್ತಾಪಿಸಿದ ಮೇಲೆ 1901ರಲ್ಲಿ ಅಮೆರಿಕದಲ್ಲಿಯೂ ಅಚ್ಚಾಯಿತು. ಕ್ರಿಸ್‌ಮಸ್ಸಿಗೆ ಜಗತ್ತಿನ ಹಲವೆಡೆ ತೂಗುವ ಬಹುಮೊನೆಯ ಮೊರೇವಿಯನ್ ನಕ್ಷತ್ರವೂ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ಶಾಲೆಯೊಂದರ ಗಣಿತದ ಪಾಠದಿಂದಲೇ ಹುಟ್ಟಿತೆನ್ನುತ್ತಾರೆ. ಆದುದರಿಂದ ಮಕ್ಕಳು ಕಾಗದ ಕತ್ತರಿಸುತ್ತ ಕುಳಿತಾಗ ಕಾಲ ವ್ಯರ್ಥವಾಯಿತೆಂದು ಕೊರಗುವ ತಂದೆತಾಯಿಗಳಿಗೆ ನಾನು ಧೈರ್ಯವಾಗಿ ಸಮಾಧಾನ ಹೇಳಬಲ್ಲೆನು.

ಕ್ರಿಸ್ತಜನನದ ದೃಶ್ಯವನ್ನು ತೋರಿಸುವ ಗೋದಲಿಯನ್ನು ಅಣಿಗೊಳಿಸುವುದು ಕೊನೆಯ ಕೆಲಸ. ಹಳೆಯ ರಟ್ಟಿನ ಪೆಟ್ಟಿಗೆಯೇ ಕೊಟ್ಟಿಗೆ. ಕಂಪ್ಲಿಯ ಕಡೆಯಿಂದ ಬಂದ ಹೊಸ ಭತ್ತದ ಹುಲ್ಲೇ ಅದಕ್ಕೆ ಮಾಡು. ಸಂಡೂರಿನ ಗುಡ್ಡದ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಸವರಿದ ದಪ್ಪ ಕಾಗದವನ್ನು ಮುದುರಿ ಇಟ್ಟರೆ ಅದೇ ಬೆತ್ಲೆಹೇಮಿನ ಬೆಟ್ಟ. ಲಂಬಾಣಿ ಕಸೂತಿಗೆ ಹೆಸರಾದ ಸಂಡೂರಿನ ಹೆಂಗಸರು ಬಟ್ಟೆಗೆ ಕನ್ನಡಿಚೂರು ಕೂರಿಸುವುದನ್ನು ಕಂಡ ಮಕ್ಕಳು ಮೂವರು ಜ್ಞಾನಿಗಳ ಕಾಗದದ ಉಡುಪಿಗೆ ಬೇಗಡೆಯ ಚೂರುಗಳನ್ನು ಅದೇ ರೀತಿ ಅಂಟಿಸುತ್ತಾರೆ. ತೋರಣಕ್ಕೆ ಹಳೆಯ ಪತ್ರಿಕೆಗಳೇ ಸಾಕು: ನಮ್ಮ ಮನೆಯ ‘ಪ್ರಜಾವಾಣಿ’ಯಿಂದಲೂ ಅವರ ಮನೆಯ ‘ಈನಾಡು’ವಿನಿಂದಲೂ ಎರಡೆರಡು ಬೆರಳಗಲದ ಪಟ್ಟಿಗಳನ್ನು ಕತ್ತರಿಸಿ, ಒಂದನ್ನು ಬಳೆಯಾಗಿ ಅಂಟಿಸಿ, ಅದರೊಳಗೆ ಇನ್ನೊಂದನ್ನು ತೂರಿಸಿ ಅಂಟಿಸುತ್ತ ಹೋದರೆ ಪಡಸಾಲೆಯ ಉದ್ದಕ್ಕೂ ಸರಪಳಿ ಸಿದ್ಧವಾಗುತ್ತದೆ. ಕನ್ನಡ ಬಲ್ಲ ಹುಡುಗ ತೆಲುಗಿನ ತಲೆಬರಹವನ್ನು ತಡವರಿಸುತ್ತ ಓದುತ್ತಾನೆ. ತೆಲುಗಿನ ಹುಡುಗಿ ಅವನಿಗೆ ನೆರವಾಗಿ, ಕನ್ನಡದ ಸುದ್ದಿಯನ್ನು ತಾನು ಸರಾಗವಾಗಿ ಓದುತ್ತಾಳೆ. ದೀಪಾವಳಿಯ ಆಕಾಶಬುಟ್ಟಿಯನ್ನೂ, ಮದುವೆಯ ಬಾಸಿಂಗವನ್ನೂ, ಪೀರಲ ಹಬ್ಬದ ತಾಬೂತನ್ನೂ ಬಣ್ಣದ ಕಾಗದದಿಂದ ಸಿಂಗರಿಸುತ್ತ ಬಂದ ಊರುಗಳಿಗೆ ಈ ಕೌಶಲ ಹೊಸದಾಗಿ ಬರಬೇಕಾದುದಿಲ್ಲ. ಹಬ್ಬದಿಂದ ಹಬ್ಬಕ್ಕೆ ಕೈ ಬದಲಾಗುತ್ತದೆ, ಕಾಗದ ಅದೇ.

ಇಂದು ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ನಕ್ಷತ್ರ ಅಗ್ಗವಾಗಿ ದೊರೆಯುತ್ತದೆ, ವರ್ಷಾಂತರ ಕೆಡದೆ ಉಳಿಯುತ್ತದೆ. ಆದರೆ ಅದನ್ನು ತೂಗಹಾಕುವುದಕ್ಕೆ ಒಬ್ಬರು ಸಾಕು, ಯಾರೊಡನೆಯೂ ಮಾತಾಡಬೇಕಾದುದಿಲ್ಲ. ಅದಕ್ಕಿಂತಲೂ ನನ್ನನ್ನು ವ್ಯಥೆಗೊಳಿಸುವ ಸಂಗತಿಯೆಂದರೆ, ಎರಡು ನುಡಿಗಳಿಂದ ಮಗುವಿನ ಬುದ್ಧಿ ಗಲಿಬಿಲಿಯಾದೀತೆಂಬ ಹುಸಿಭಯದಿಂದ ಮನೆಯ ಅಜ್ಜಿಯರನ್ನು ಮಾತಾಡದಂತೆ ತಡೆದು, ಇಂಗ್ಲಿಷೊಂದನ್ನೇ ಮಕ್ಕಳ ಕಿವಿಗೆ ಹಾಕುವ ಕುಟುಂಬಗಳು ನಮ್ಮ ಊರುಗಳಲ್ಲಿ ಹೆಚ್ಚುತ್ತಿರುವುದು. ಹೊರಗೂ ಗೆರೆಗಳು ಬೀಳುತ್ತಲೇ ಇವೆ: 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಹಂಪಿಗಳು ಹೊಸ ಜಿಲ್ಲೆಗೆ ಸೇರಿದುವು, ಸಂಡೂರು ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದುವು. ಗೆರೆಗಳನ್ನು ಆಡಳಿತ ತನ್ನ ಅನುಕೂಲಕ್ಕೆ ಎಳೆಯಲಿ, ಅದು ಅದರ ಕರ್ತವ್ಯ. ಮನೆಯೊಳಗೆ ಗೆರೆ ಎಳೆಯದಿರುವುದು ನಮ್ಮ ಕರ್ತವ್ಯ. ಕನ್ನಡ ಉಳಿಯಬೇಕೆಂದು ಹಂಬಲಿಸುವ ನಾನು, ನೆರೆಯವರ ತೆಲುಗು ಅಡಗಿದರೆ ಕನ್ನಡ ಉಳಿಯುತ್ತದೆಂದು ಎಂದೂ ನಂಬಿದವನಲ್ಲ. ಪಕ್ಕದ ಮನೆಯ ಆ ಹುಡುಗಿ ಕನ್ನಡವನ್ನು ಪ್ರೀತಿಯಿಂದ ಕಲಿತದ್ದು ನಮ್ಮ ಪಡಸಾಲೆಯಲ್ಲಿ ಅವಳ ತೆಲುಗಿಗೂ ಮಣೆ ದೊರೆತ ಕಾರಣದಿಂದ.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಈ ಡಿಸೆಂಬರಿನಲ್ಲಿ ನಾಲ್ಕು ಬಣ್ಣದ ಹಾಳೆ, ಒಂದು ಉಂಡೆ ದಾರ, ಒಂದು ಹಿಡಿ ಮೈದಾ ಹಿಟ್ಟು, ಹದಿನೈದು ಬಿದಿರಿನ ಕಡ್ಡಿಗಳನ್ನು ಕೂಡಿಸಿಕೊಂಡು ನಿಮ್ಮ ಮಕ್ಕಳನ್ನೂ ನೆರೆಯ ಮಕ್ಕಳನ್ನೂ ಜೊತೆಯಲ್ಲಿ ಕೂರಿಸಿರಿ. ಅವರು ಯಾವ ನುಡಿಯಲ್ಲಿ ಆಡಿದರೂ ತಿದ್ದಬೇಡಿರಿ. ಕಟ್ಟಿದ ನಕ್ಷತ್ರವನ್ನು ಹಬ್ಬವಿರುವ ಮನೆಗೆ ಎಲ್ಲರೂ ಕೂಡಿ ಒಯ್ದು ಕೊಟ್ಟು ಬನ್ನಿರಿ.