ಬದಲಾಗುವ ಪಿನ್ನುಗಳು, ಬದಲಾಗದ ಅಗತ್ಯಗಳು

"ಇನ್ನೆರಡು ತಿಂಗಳು ತಡೆಯಿರಿ, ಹೊಸದು ಬರುತ್ತದಂತೆ." ಮೊಬೈಲೋ ಟ್ಯಾಬೋ ಕೊಳ್ಳಲು ಹೊರಟವರಿಗೆ ಈ ಮಾತನ್ನು ಹೇಳುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಹೊಸದರಲ್ಲಿ ಚಾರ್ಜರ್ ಪಿನ್ನು ಬೇರೆಯಂತೆ, ಹೆಡ್‌ಫೋನ್ ಸಿಕ್ಕಿಸುವ ತೂತೇ ಇರುವುದಿಲ್ಲವಂತೆ, ಹಳೆಯ ವೈರುಗಳೆಲ್ಲ ದಂಡವಂತೆ. ಹೀಗೆ ಅಂತೆ ಕಂತೆಗಳ ಸಂತೆಯೇ ನೆರೆಯುತ್ತದೆ. ಇದೆಲ್ಲ ಗಂಡಸರ ಮಾತು, ನಮಗೇಕೆ ಎಂದು ಸುಮ್ಮನಿರುವಂತಿಲ್ಲ. ಮನೆಯಲ್ಲಿ ಚಾರ್ಜರ್ ಹುಡುಕುವವರು, ಮಕ್ಕಳ ಪಾಠಕ್ಕೆ ವ್ಯವಸ್ಥೆ ಮಾಡುವವರು, ತಿಂಗಳ ಖರ್ಚಿನಲ್ಲಿ ಹೊಸ ವೈರಿಗೆ ದುಡ್ಡು ಹೊಂದಿಸುವವರು ನಾವೇ ತಾನೇ?

ನಮ್ಮ ಕುಟುಂಬದಲ್ಲೂ ಈ ಸಂತೆ ಒಮ್ಮೆ ನೆರೆಯಿತು. ನಾನು ಹಾಸನದಲ್ಲಿ ಶಿಕ್ಷಕಿ. ಅಮ್ಮಿ ಅಣ್ಣನೊಂದಿಗೆ ಚನ್ನರಾಯಪಟ್ಟಣದಲ್ಲಿದ್ದಾರೆ. ಆಪಾ ಹೊಳೆನರಸೀಪುರದಲ್ಲಿ, ತಂಗಿ ಅರಕಲಗೂಡಿನಲ್ಲಿ. ಕೊನೆಯ ತಮ್ಮ ದಮ್ಮಾಮಿನಲ್ಲಿ ಕೆಲಸದಲ್ಲಿದ್ದಾನೆ. ಆಪಾಳ ಹಿರಿಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಟ್ಯೂಷನ್ನಿಗೆ ಕಳುಹಿಸುವಷ್ಟು ಅನುಕೂಲ ಆಪಾಳಿಗಿಲ್ಲ. ಅಪ್ಪನ ಫೋನಿನಲ್ಲಿ ಪಾಠ ನೋಡೋಣವೆಂದರೆ, ಆ ಫೋನು ಅಪ್ಪನ ಜೊತೆ ಲಾರಿಯಲ್ಲಿ ಊರೂರು ಸುತ್ತುತ್ತಿರುತ್ತದೆ. ಹಾಗಾಗಿ ಹುಡುಗಿಗೊಂದು ಟ್ಯಾಬ್ ಕೊಡಿಸೋಣವೆಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ತಮ್ಮ, "ಯಾವುದು ಬೇಕು ಹೇಳಿ, ನಾನು ರಜೆಗೆ ಬರುವಾಗ ತರುತ್ತೇನೆ" ಎಂದ. ಅಷ್ಟೇ ಸಾಕಾಯಿತು. ಸೋದರತ್ತೆಯ ಮಗನಿಂದ ಹಿಡಿದು ಪಕ್ಕದ ಮನೆಯ ಕಾಲೇಜು ಹುಡುಗನವರೆಗೆ ಎಲ್ಲರೂ ಸಲಹೆ ಕೊಡತೊಡಗಿದರು. ಎಲ್ಲರ ಸಲಹೆಯ ಸಾರಾಂಶ ಒಂದೇ: ಈಗ ಬೇಡ, ಕಾಯಿರಿ.

ಆದರೆ ಪರೀಕ್ಷೆ ಕಾಯುತ್ತದೆಯೇ? "ಖಾಲಾ, ಹೊಸದು ಬರುವಷ್ಟರಲ್ಲಿ ನನ್ನ ಪರೀಕ್ಷೆ ಮುಗಿದಿರುತ್ತದೆ" ಎಂದು ಆ ಹುಡುಗಿ ಫೋನಿನಲ್ಲಿ ಮೆಲ್ಲಗೆ ಹೇಳಿದಳು. ಈ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಈ ಗಾಳಿಮಾತುಗಳಲ್ಲಿ ಯಾವುದಕ್ಕೆ ಬೆಲೆ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ತಿಳಿದುಕೊಳ್ಳಲು ಕೂತೆ. ತಿಳಿದದ್ದನ್ನು ಸಹೋದರಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಚಾರ್ಜರ್ ಪಿನ್ನಿನ ಕಥೆ

ನಮ್ಮ ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಅದರ ತುಂಬ ವೈರುಗಳು. ನೋಕಿಯಾದ ದಪ್ಪ ಪಿನ್ನಿನ ಚಾರ್ಜರ್, ಆಮೇಲೆ ಬಂದ ಸಣ್ಣ ಪಿನ್ನಿನದು, ಚಪ್ಪಟೆ ಬಾಯಿಯದು, ಮೈಕ್ರೋ ಯುಎಸ್‌ಬಿಯದು. ಒಂದಕ್ಕೊಂದು ಆಗುವುದಿಲ್ಲ. ಒಂದು ಕಾಲದಲ್ಲಿ ನೆಂಟರ ಮನೆಗೆ ಹೋದಾಗ ಸಲಾಮ್ ಹೇಳಿದ ಮರುಕ್ಷಣ "ನಿಮ್ಮಲ್ಲಿ ಸಣ್ಣ ಪಿನ್ನಿದೆಯಾ?" ಎಂದು ಕೇಳುತ್ತಿದ್ದದ್ದು ನಿಮಗೂ ನೆನಪಿರಬಹುದು.

ದೊಡ್ಡ ಕಂಪೆನಿಗಳೂ ಇದೇ ದಾರಿಯಲ್ಲಿ ನಡೆದವು. ಆಪಲ್ ಕಂಪೆನಿ 2010ರಲ್ಲಿ ಮೊದಲ ಐಪ್ಯಾಡ್ ತಂದಾಗ ಅದಕ್ಕೆ 30 ಪಿನ್ನುಗಳ ಅಗಲವಾದ ಕನೆಕ್ಟರ್ ಇತ್ತು. 2012ರಲ್ಲಿ ಅದನ್ನು ಕೈಬಿಟ್ಟು ಲೈಟ್ನಿಂಗ್ ಎಂಬ ಸಣ್ಣ ಪಿನ್ನು ತಂದರು. 2018ರ ಐಪ್ಯಾಡ್ ಪ್ರೋದಲ್ಲಿ ಟೈಪ್ ಸಿ ಬಂತು. ಸಾಮಾನ್ಯ ಐಪ್ಯಾಡಿಗೆ ಅದು ಬಂದದ್ದು 2022ರಲ್ಲಿ. ತಮಾಷೆಯೆಂದರೆ, ಆ ವರ್ಷದ ಐಪ್ಯಾಡಿಗೆ ಟೈಪ್ ಸಿ ಇದ್ದರೂ ಅದರ ಜೊತೆ ಬಳಸುವ ಪೆನ್ಸಿಲ್ಲಿಗೆ ಹಳೆಯ ಲೈಟ್ನಿಂಗ್ ಪಿನ್ನೇ ಇತ್ತು. ಎರಡನ್ನೂ ಜೋಡಿಸಲು ನಡುವೆ ಇನ್ನೊಂದು ತುಂಡು ಬೇಕಾಯಿತು!

ಈ ಗೊಂದಲಕ್ಕೆ ಕೊನೆ ಹಾಡಿದ್ದು ಕಾನೂನು. ಐರೋಪ್ಯ ಒಕ್ಕೂಟವು 2022ರಲ್ಲಿ ಒಂದು ಕಾನೂನು ಮಾಡಿತು. ಅದರಂತೆ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಮೊಬೈಲು, ಟ್ಯಾಬು, ಕ್ಯಾಮರಾಗಳಿಗೆ ವೈರಿನಿಂದ ಚಾರ್ಜ್ ಮಾಡುವುದಾದರೆ ಟೈಪ್ ಸಿ ಇರಲೇಬೇಕು. ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28 ಎಂದು ದಿನ ಗೊತ್ತು ಮಾಡಿದರು. ಸೌದಿ ಅರೇಬಿಯಾವೂ ಇಂಥದೇ ನಿಯಮ ಮಾಡಿ 2025ರ ಜನವರಿ 1ರಿಂದ ಜಾರಿಗೆ ತಂದಿತು. ನಮ್ಮ ದೇಶದಲ್ಲಿ 2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ಕರೆದ ಸಭೆಯಲ್ಲಿ ಟೈಪ್ ಸಿಗೆ ಒಮ್ಮತ ಮೂಡಿತು. 2023ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೋ ಅದಕ್ಕೆ ಮಾನಕವನ್ನೂ ಪ್ರಕಟಿಸಿತು. ವರ್ಷಗಟ್ಟಲೆ ತನ್ನದೇ ಪಿನ್ನು ಇಟ್ಟುಕೊಂಡಿದ್ದ ಆಪಲ್ ಕೂಡ 2023ರ ಐಫೋನ್ 15ರಲ್ಲಿ ಟೈಪ್ ಸಿಗೆ ಬಂದಿತು.

ಅಂದರೆ, "ಪಿನ್ನು ಬದಲಾಗುತ್ತದಂತೆ, ಕಾಯಿರಿ" ಎಂಬ ಮಾತಿಗೆ ಈಗ ಬೆಲೆ ಕೊಡಬೇಕಾಗಿಲ್ಲ. ಬದಲಾಗಬೇಕಾದದ್ದು ಬದಲಾಗಿದೆ. ಇಷ್ಟು ದೇಶಗಳ ನಿಯಮ ಮೀರಿ ಯಾವ ಕಂಪೆನಿಯೂ ನಾಳೆಯೇ ಇನ್ನೊಂದು ಪಿನ್ನು ತರಲಾರದು.

ಹಾಗೆಂದು ಟೈಪ್ ಸಿ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಎಂದು ತಿಳಿಯಬಾರದು. ಬಾಯಿ ಒಂದೇ ಆದರೂ ಒಳಗಿನ ವೈರು ಬೇರೆ ಬೇರೆ. ಕೆಲವು ವೈರು ಚಾರ್ಜ್ ಮಾತ್ರ ಮಾಡುತ್ತವೆ, ಫೋಟೋ ಪಾಠಗಳನ್ನು ಕಂಪ್ಯೂಟರಿಗೆ ದಾಟಿಸುವುದಿಲ್ಲ. ಕೆಲವು ಬೇಗ ಚಾರ್ಜ್ ಮಾಡುತ್ತವೆ, ಕೆಲವು ರಾತ್ರಿಯಿಡೀ ತೆಗೆದುಕೊಳ್ಳುತ್ತವೆ. ಗಲ್ಫಿನಿಂದ ತರಿಸುವವರಿಗೆ ಇನ್ನೊಂದು ಮಾತು: ಟ್ಯಾಬಿನ ಕಡೆ ಟೈಪ್ ಸಿ ಇದ್ದರೂ ಗೋಡೆಯ ಕಡೆ ಸೌದಿಯ ಚಾರ್ಜರಿಗೆ ಮೂರು ಚಪ್ಪಟೆ ಕಾಲುಗಳಿರುತ್ತವೆ. ನಮ್ಮ ಗುಂಡು ತೂತಿನ ಸಾಕೆಟ್ಟಿಗೆ ಅದು ಕೂರುವುದಿಲ್ಲ. ಪೆನ್ನಿನ ತುದಿಯಿಂದ ಒತ್ತಿ ತುರುಕುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ.

ಕಿವಿಯ ತೂತಿನ ಪ್ರಶ್ನೆ

ಎರಡನೆಯ ಗಾಳಿಮಾತು ಹೆಡ್‌ಫೋನ್ ಜಾಕಿನದು. ಇದು ಬೇರೆಯೇ ವಿಷಯ. ಮೇಲೆ ಹೇಳಿದ ಕಾನೂನುಗಳೆಲ್ಲ ಚಾರ್ಜಿಗೆ ಸಂಬಂಧಿಸಿದವು. ಕಿವಿಗೆ ಸಿಕ್ಕಿಸುವ ಆ ಗುಂಡು ತೂತು ಇರಬೇಕು ಎಂದು ಅವು ಎಲ್ಲೂ ಹೇಳುವುದಿಲ್ಲ. ಅದು ತಯಾರಿಸುವವರ ಇಷ್ಟ.

ಈ ಜಾಕು ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕೂತ ಹೆಣ್ಣುಮಕ್ಕಳು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿ ಕರೆ ಜೋಡಿಸುತ್ತಿದ್ದರಲ್ಲ, ಆ ದಪ್ಪ ಪ್ಲಗ್ಗಿನ ಸಣ್ಣ ರೂಪವೇ ಇಂದಿನ 3.5 ಮಿಲಿಮೀಟರಿನ ಪಿನ್ನು. 1979ರಲ್ಲಿ ಸೋನಿ ಕಂಪೆನಿ ತಂದ ವಾಕ್‌ಮನ್ ಇದನ್ನು ಮನೆಮನೆಗೆ ಪರಿಚಯಿಸಿತು. ಆ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಒಟ್ಟಿಗೆ ಕೇಳಲೆಂದು ಎರಡು ತೂತುಗಳಿದ್ದವು!

2016ರಲ್ಲಿ ಆಪಲ್ ಐಫೋನ್ 7ರಿಂದ ಈ ತೂತನ್ನು ತೆಗೆದುಹಾಕಿದಾಗ ಜಗತ್ತಿನಾದ್ಯಂತ ಗದ್ದಲವಾಯಿತು. ಅದೇ ವರ್ಷ ಅವರು ವೈರಿಲ್ಲದ ಇಯರ್‌ಫೋನನ್ನೂ ಮಾರತೊಡಗಿದರು. 2018ರ ಐಪ್ಯಾಡ್ ಪ್ರೋದಲ್ಲೂ ತೂತು ಹೋಯಿತು. 2022ರ ಸಾಮಾನ್ಯ ಐಪ್ಯಾಡ್ ಬರುವ ಮುಂಚೆ, ಅದರಲ್ಲಿ ಜಾಕು ಉಳಿಯುತ್ತದೆ ಎಂದೂ ಸುದ್ದಿ ಹಬ್ಬಿತ್ತು. ಬಂದಾಗ ನೋಡಿದರೆ ಇರಲಿಲ್ಲ. ಇತ್ತ ಸ್ಯಾಮ್ಸಂಗ್ 2019ರ ಟ್ಯಾಬ್ ಎಸ್6ರಲ್ಲಿ ತೂತು ತೆಗೆದರೂ, 2020ರ ಎಸ್6 ಲೈಟ್‌ನಲ್ಲಿ ಇಟ್ಟಿತು. 2023ರ ಟ್ಯಾಬ್ ಎ9ರಲ್ಲೂ ಅದು ಇತ್ತು. ಅಂದರೆ ದುಬಾರಿ ಟ್ಯಾಬುಗಳಿಂದ ಜಾಕು ಹೋಯಿತು, ಕಡಿಮೆ ಬೆಲೆಯವುಗಳಲ್ಲಿ ಉಳಿದುಕೊಂಡಿತು. ನಮ್ಮಂಥವರು ಕೊಳ್ಳುವುದು ಕಡಿಮೆ ಬೆಲೆಯದನ್ನೇ. ಆದ್ದರಿಂದ ಯಾವುದೋ ದೊಡ್ಡ ಮಾದರಿಯ ಬಗ್ಗೆ ಹಬ್ಬಿದ ಸುದ್ದಿ ನಮ್ಮ ಮನೆಗೆ ಅನ್ವಯಿಸಬೇಕೆಂದೇನೂ ಇಲ್ಲ.

ಹೆಡ್‌ಫೋನ್ ಎಂದರೆ ಒಂದು ಗೋಡೆ

ಜಾಕು ಹೋದರೆ ಹೋಗಲಿ, ವೈರಿಲ್ಲದ್ದು ಕೊಂಡರಾಯಿತು ಎನ್ನುವವರು ಆಪಾಳ ಮನೆಯನ್ನು ನೋಡಬೇಕು. ಎರಡೇ ಕೋಣೆ. ದುಲ್ಹಾಭಾಯಿ ರಾತ್ರಿಯೆಲ್ಲ ಲಾರಿ ಓಡಿಸಿ ಬಂದ ದಿನ ಹಗಲು ಮಲಗುತ್ತಾರೆ. ಅವರ ನಿದ್ದೆ ಕೆಟ್ಟರೆ ರಾತ್ರಿ ದಾರಿಯಲ್ಲಿ ಜೀವಕ್ಕೇ ಅಪಾಯ. ಹಾಗಾಗಿ ಹಗಲು ಆ ಮನೆಯಲ್ಲಿ ಕುಕ್ಕರಿನ ಸೀಟಿಗೂ ಹೆದರಿಕೆ. ಅಂಥ ಮನೆಯಲ್ಲಿ ಹುಡುಗಿ ಭೌತಶಾಸ್ತ್ರದ ಪಾಠ ಕೇಳುವುದು ಹೇಗೆ? ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ಅವಳಿಗೆ ಓದುವ ಕೋಣೆ ಸಿಗುತ್ತದೆ. ಕಟ್ಟಿಸಲಾಗದ ಗೋಡೆಯನ್ನು ಆ ವೈರು ಕಟ್ಟಿಕೊಡುತ್ತದೆ. ತಂಗಿಯೂ ಕೇಳಬೇಕೆಂದರೆ ಒಂದು ಕಿವಿ ಅವಳಿಗೆ, ಒಂದು ಕಿವಿ ಇವಳಿಗೆ.

ವೈರಿಲ್ಲದ ಬ್ಲೂಟೂತ್ ಇಯರ್‌ಫೋನ್ ಕೆಟ್ಟದ್ದಲ್ಲ. ಆದರೆ ಅದನ್ನೂ ಚಾರ್ಜ್ ಮಾಡಬೇಕು. ಪಾಠದ ನಡುವೆ ಅದು ಸತ್ತರೆ, ಕರೆಂಟೂ ಇಲ್ಲದಿದ್ದರೆ, ಪಾಠವೂ ನಿಂತಿತು. ಕಿವಿಯೊಳಗಿನ ಆ ಸಣ್ಣ ಗುಂಡು ಕಳೆದುಹೋದರೆ ಮತ್ತೆ ದುಡ್ಡು. ಅಮ್ಮಿಯ ವಿಷಯವೂ ಇದೆ. ಅವರು ತಮ್ಮ ಕೀಪ್ಯಾಡ್ ಫೋನಿನಲ್ಲಿ ಹಾಸನ ಆಕಾಶವಾಣಿ ಕೇಳುತ್ತಾರೆ. ಫೋನಿನಲ್ಲಿ ಎಫ್‌ಎಂ ಕೇಳಲು ಇಯರ್‌ಫೋನಿನ ವೈರೇ ಆಂಟೆನಾ ಆಗಿ ಕೆಲಸ ಮಾಡುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ವೈರು ಕಿತ್ತರೆ ಅಮ್ಮಿಯ ರೇಡಿಯೋ ಗೊರಗೊರ ಎನ್ನುತ್ತದೆ. "ನನಗೆ ಇದರ ಬಾಲ ಬೇಕೇ ಬೇಕು" ಎನ್ನುತ್ತಾರೆ ಅಮ್ಮಿ.

ಜಾಕಿಲ್ಲದ ಟ್ಯಾಬಿಗೆ ಟೈಪ್ ಸಿಯಿಂದ ಹೆಡ್‌ಫೋನಿಗೆ ಜೋಡಿಸುವ ಗಿಡ್ಡ ವೈರು ಸಿಗುತ್ತದೆ. ಅರಕಲಗೂಡಿನ ತಂಗಿ ಅಂಗಡಿಯೊಂದರಿಂದ ಅದನ್ನು ತಂದಳು. ಅವಳ ಗಂಡನ ಮೊಬೈಲಿನಲ್ಲಿ ಚೆನ್ನಾಗಿ ಕೇಳಿಸಿತು, ಮನೆಯ ಟ್ಯಾಬಿನಲ್ಲಿ ಸದ್ದೇ ಇಲ್ಲ. ಅಂಗಡಿಯವರು "ಟ್ಯಾಬೇ ಸರಿಯಿಲ್ಲ" ಎಂದು ಕೈ ತೊಳೆದುಕೊಂಡರು. ವಿಷಯ ಅದಲ್ಲ. ಈ ಗಿಡ್ಡ ವೈರಿನಲ್ಲಿ ಎರಡು ಜಾತಿ. ಒಂದರಲ್ಲಿ ಬರೀ ತಂತಿ ಇರುತ್ತದೆ. ಧ್ವನಿಯನ್ನು ಟ್ಯಾಬೇ ಸಿದ್ಧಮಾಡಿ ಕಳುಹಿಸಿದರೆ ಮಾತ್ರ ಅದು ಕೇಳಿಸುತ್ತದೆ. ಇನ್ನೊಂದರಲ್ಲಿ ಧ್ವನಿ ಸಿದ್ಧಪಡಿಸುವ ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಡ್ಯಾಕ್ ಎನ್ನುತ್ತಾರೆ. ಬಹುತೇಕ ಟ್ಯಾಬುಗಳಿಗೆ ಚಿಪ್ ಇರುವುದೇ ಬೇಕು. ಕೊಳ್ಳುವಾಗ "ಡ್ಯಾಕ್ ಇರುವುದು ಕೊಡಿ" ಎಂದು ಕೇಳಿ, ಟ್ಯಾಬಿಗೇ ಸಿಕ್ಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಅದನ್ನು ಹಾಕಿದರೂ ಇನ್ನೊಂದು ತೊಂದರೆ ಇದೆ. ಇರುವುದೊಂದೇ ತೂತು. ಕೇಳುವಾಗ ಚಾರ್ಜ್ ಇಲ್ಲ, ಚಾರ್ಜಿಗಿಟ್ಟಾಗ ಕೇಳುವಂತಿಲ್ಲ. ಎರಡೂ ಆಗಬೇಕಾದರೆ ಕವಲೊಡೆದ ಇನ್ನೊಂದು ವೈರು ತರಬೇಕು.

ಹೆಡ್‌ಫೋನಿನ ಪಿನ್ನನ್ನೂ ಒಮ್ಮೆ ಕಣ್ಣಿಟ್ಟು ನೋಡಿ. ಅದರ ಮೇಲೆ ಸಣ್ಣ ಬಳೆಗಳಂಥ ಗೆರೆಗಳಿರುತ್ತವೆ. ಎರಡು ಗೆರೆ ಇದ್ದರೆ ಕೇಳಲು ಮಾತ್ರ, ಮೂರು ಇದ್ದರೆ ಮಾತನಾಡಲು ಮೈಕೂ ಇದೆ. ಆನ್‌ಲೈನ್ ತರಗತಿಯಲ್ಲಿ ಪ್ರಶ್ನೆ ಕೇಳಬೇಕಾದ ಮಕ್ಕಳಿಗೆ ಮೂರು ಗೆರೆಯದೇ ಬೇಕು.

ನಾವು ಮಾಡಿದ್ದೇನು?

ಲಾಕ್‌ಡೌನಿನ ದಿನಗಳನ್ನು ನಾವು ಮರೆತಿಲ್ಲ. 2021ರ ಜೂನ್‌ನಲ್ಲಿ ರಾಜ್ಯ ಸರಕಾರ ಸರಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಡುವ ಕೆಲಸ ಆರಂಭಿಸಿತು. ಟ್ಯಾಬ್ ಎಂಬುದು ಪಾಟಿ ಪುಸ್ತಕದಂತೆ ಓದಿನ ಸಾಮಾನೇ ಎಂದು ಅಂದು ಎಲ್ಲರಿಗೂ ಮನವರಿಕೆಯಾಯಿತು. ಮಗುವಿಗೆ ಪಾಟಿ ಬೇಕಾದಾಗ ಮುಂದಿನ ವರ್ಷದ ಪಾಟಿಯ ಅಂಚು ಹೇಗಿರುತ್ತದೋ ಎಂದು ಯಾರೂ ಕಾಯುವುದಿಲ್ಲ.

ನಾವು ನಾಲ್ಕೇ ಪ್ರಶ್ನೆ ಕೇಳಿಕೊಂಡೆವು. ಇದನ್ನು ಬಳಸುವವರು ಯಾರು? ಎಲ್ಲಿ ಕೂತು ಬಳಸುತ್ತಾರೆ? ಮನೆಯಲ್ಲಿ ಈಗಾಗಲೇ ಯಾವ ಚಾರ್ಜರ್, ಯಾವ ಹೆಡ್‌ಫೋನ್ ಇದೆ? ಕೆಟ್ಟರೆ ಎಲ್ಲಿ ರಿಪೇರಿ ಮಾಡಿಸುತ್ತೇವೆ? ಉತ್ತರ ತಾನಾಗಿ ಬಂತು. ದಮ್ಮಾಮಿನಿಂದ ತರಿಸುವುದನ್ನು ಬಿಟ್ಟು, ತಮ್ಮ ಕಳುಹಿಸಿದ ಹಣದಲ್ಲಿ ಹಾಸನದಲ್ಲೇ ಟೈಪ್ ಸಿ ಮತ್ತು ಹೆಡ್‌ಫೋನ್ ತೂತು ಎರಡೂ ಇರುವ ಸಾಧಾರಣ ಟ್ಯಾಬ್ ಕೊಂಡೆವು. ಬಿಲ್ಲು ಇಲ್ಲಿಯದೇ, ವಾರಂಟಿಯೂ ಇಲ್ಲಿಯದೇ. ದುಲ್ಹಾಭಾಯಿಯ ಮೊಬೈಲಿನ ಚಾರ್ಜರೇ ಅದಕ್ಕೂ ಸರಿಹೋಯಿತು. ಮಿಕ್ಕ ಹಣದಲ್ಲಿ ಮೂರು ಗೆರೆಯ ಒಂದು ಗಟ್ಟಿ ಹೆಡ್‌ಫೋನ್, ಇಬ್ಬರು ಒಟ್ಟಿಗೆ ಕೇಳುವ ಕವಲು ವೈರು. ಈಗ ಅಕ್ಕತಂಗಿಯರಿಗೆ ಎರಡೆರಡು ಕಿವಿಗೂ ಪಾಠ ಸಿಗುತ್ತದೆ.

"ಹೊಸದು ಬಂತಂತೆ, ನೀವು ಅವಸರಪಟ್ಟಿರಿ" ಎಂದು ಸೋದರತ್ತೆಯ ಮಗ ಆಮೇಲೆ ಹೇಳಿದ. ಬಂದಿರಬಹುದು. ಅಷ್ಟರಲ್ಲಿ ನಮ್ಮ ಹುಡುಗಿ ಎರಡು ವಿಷಯಗಳ ಪಾಠವನ್ನು ಪೂರ್ತಿ ಕೇಳಿ, ನೋಟ್ಸ್ ಬರೆದು ಮುಗಿಸಿದ್ದಳು.

ಸಹೋದರಿಯರೇ, ಹಳೆಯ ವೈರುಗಳನ್ನು ತಾಮ್ರದ ಆಸೆಗೆ ಸುಡಬೇಡಿ, ಆ ಹೊಗೆ ವಿಷ. ಕೆಲಸಕ್ಕೆ ಬರುವುದನ್ನು ಬೇಕಾದವರಿಗೆ ಕೊಡಿ. ನಮ್ಮ ಡಬ್ಬಿಯ ಸಣ್ಣ ಪಿನ್ನಿನ ಚಾರ್ಜರನ್ನು ಹಳೆಯ ನೋಕಿಯಾ ಬಿಡದ ನೆರೆಮನೆಯ ಅಜ್ಜಿಗೆ ಕೊಟ್ಟೆ. "ಇದು ಎಲ್ಲೂ ಸಿಗುವುದಿಲ್ಲ ಮಗಳೇ" ಎಂದು ಅವರು ಮಾಡಿದ ದುಆ ಯಾವ ಹೊಸ ಮಾದರಿಯಿಂದಲೂ ಸಿಗುತ್ತಿರಲಿಲ್ಲ.