ಮುಪ್ಪಿನಲ್ಲಿ ಅಕ್ಷರಾಭ್ಯಾಸ

ಬಾಲ್ಯದಲ್ಲಿ ಕಲಿತದ್ದು ಕಲ್ಲಿನ ಮೇಲಣ ಬರೆಹ, ಮುಪ್ಪಿನಲ್ಲಿ ಕಲಿತದ್ದು ನೀರಿನ ಮೇಲಣ ಬರೆಹ ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಅರುವತ್ತು ತುಂಬಿದವನು ಜಪಮಾಲೆಯನ್ನು ಹಿಡಿಯಬೇಕಲ್ಲದೆ ಬಳಪವನ್ನು ಹಿಡಿಯತಕ್ಕದ್ದಲ್ಲವೆಂದು ಹಿತೈಷಿಗಳು ಹೇಳುವುದುಂಟು. ಆದರೂ ನಾನು ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ತಮಿಳಿನ ಅಕ್ಷರಾಭ್ಯಾಸಕ್ಕೆ ತೊಡಗಿದೆನು. ಅದಕ್ಕೆ ಈಗ ಎರಡು ವರ್ಷಗಳಾದುವು. ಅದರ ಕಾರಣವನ್ನೂ ಫಲವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾರಣವು ಭಯ. ನನ್ನ ಅಣ್ಣನವರೂ ನಾನೂ ಒಂದೇ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಅವರಿಗೆ ಅಮರಕೋಶದ ಮೂರು ಕಾಂಡಗಳೂ ಕಂಠಸ್ಥವಾಗಿದ್ದುವು. ಕಡೆಗಾಲದಲ್ಲಿ ಅವರಿಗೆ ಮರೆವಿನ ರೋಗವು ಹತ್ತಿತು. ಶ್ಲೋಕದ ಮೊದಲ ಪದವನ್ನು ಎತ್ತಿಕೊಟ್ಟರೆ ಉಳಿದುದನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದರು, ಊಟಕ್ಕೆ ಕರೆಯಬಂದ ಹಿರಿಯ ಮಗನನ್ನು ಮಾತ್ರ “ತಾವು ಯಾವ ಊರಿನವರು?” ಎಂದು ಕೇಳುತ್ತಿದ್ದರು. ಬಾಯಿಪಾಠವೊಂದೇ ಬುದ್ಧಿಗೆ ಕಾವಲಲ್ಲವೆಂಬುದು ಅಂದು ನನಗೆ ಮನದಟ್ಟಾಯಿತು.

ಹಾಗಾದರೆ ಕಾವಲು ಯಾವುದು? ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಎಲ್ಲೆನ್ ಬಿಯಾಲಿಸ್ಟಾಕ್ ಎಂಬ ವಿದುಷಿಯೂ ಸಂಗಡಿಗರೂ 184 ಮಂದಿ ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ, ಎರಡು ಭಾಷೆಗಳನ್ನು ಬಳಸಿ ಬಾಳಿದವರಲ್ಲಿ ಮರೆವಿನ ಲಕ್ಷಣಗಳು ಸುಮಾರು 4 ವರ್ಷ ತಡವಾಗಿ ತೋರಿದುವೆಂದು 2007ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿಯೇ ಹೈದರಾಬಾದಿನ ನಿಜಾಮ್ ವೈದ್ಯಸಂಸ್ಥೆಯಲ್ಲಿ ಡಾಕ್ಟರ್ ಸುವರ್ಣಾ ಅಲ್ಲಾಡಿಯವರು 648 ಮಂದಿಯನ್ನು ಪರೀಕ್ಷಿಸಿ, 2013ರಲ್ಲಿ ಇದೇ ಬಗೆಯ ಫಲವನ್ನು ತಿಳಿಸಿದರು. ಅಲ್ಲಿಯ ಅಂತರ ನಾಲ್ಕೂವರೆ ವರ್ಷ. ಶಾಲೆಯ ಮುಖವನ್ನೇ ಕಾಣದವರಲ್ಲಿಯೂ ಈ ಪ್ರಯೋಜನವು ಕಂಡುಬಂದಿತೆಂಬುದು ನನ್ನಂತಹ ಉಪಾಧ್ಯಾಯನು ವಿಶೇಷವಾಗಿ ಮನನಮಾಡತಕ್ಕ ಮಾತು. ರಕ್ಷಣೆ ದೊರೆತುದು ಪಾಂಡಿತ್ಯದಿಂದಲ್ಲ, ಬಳಕೆಯಿಂದ.

ಇಲ್ಲಿ ಅತ್ಯುಕ್ತಿ ಸಲ್ಲದು. ಭಾಷೆಯು ಈ ರೋಗಕ್ಕೆ ಔಷಧವಲ್ಲ. ಹೆಚ್ಚೆಂದರೆ ಅದರ ಬರವನ್ನು ಮುಂದೂಡೀತು. ಈ ವಿಷಯದಲ್ಲಿ ವಿದ್ವಾಂಸರೆಲ್ಲರೂ ಏಕಮತದವರೂ ಅಲ್ಲ. ಮೇಲಾಗಿ, ಚಿಕ್ಕಂದಿನಿಂದ ಎರಡು ಭಾಷೆಗಳಲ್ಲಿ ಬೆಳೆದವರ ಮಾತು ಬೇರೆ, ನರೆ ಬಂದ ಮೇಲೆ ಕಲಿಯಹೊರಟವರ ಮಾತು ಬೇರೆ. ಆದರೂ ನಿರಾಶೆಗೆ ಕಾರಣವಿಲ್ಲ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ 18ರಿಂದ 78 ವರ್ಷದವರೆಗಿನ ಜನರು ಒಂದು ವಾರ ಗೇಲಿಕ್ ಭಾಷೆಯನ್ನು ಕಲಿತರು; ಅವರ ಚಿತ್ತದ ಎಚ್ಚರಿಕೆಯು ಹೆಚ್ಚಿತು. ಮುಂದೆಯೂ ವಾರಕ್ಕೆ 5 ಗಂಟೆಯಾದರೂ ಅಭ್ಯಾಸವನ್ನು ನಡೆಸಿದವರಲ್ಲಿ ಆ ಗುಣವು 9 ತಿಂಗಳ ಮೇಲೆಯೂ ನಿಂತಿತ್ತು. ಇದು 2016ರಲ್ಲಿ ಪ್ರಕಟವಾದ ಸಂಗತಿ.

ನಿವೃತ್ತನಾದ ಮೇಲೆ ನಾನು ಮಗನ ಮನೆಯೆಂದು ಕೋಲಾರಕ್ಕೆ ಬಂದು ನೆಲಸಿದ್ದೇನೆ. ನಮ್ಮ ಬೀದಿಗೆ ಹೂವು ತರುವ ವೃದ್ಧೆಯೇ ನನ್ನ ಗುರು. ಆಕೆಗೆ ಓದುಬರೆಹ ಬಾರದು; ಆದರೆ ಒಂದು ಮನೆಯಲ್ಲಿ ತೆಲುಗು, ಮುಂದಿನ ಮನೆಯಲ್ಲಿ ಕನ್ನಡ, ಅದರಾಚೆಯ ಮನೆಯಲ್ಲಿ ತಮಿಳು ಎಂದು ಹೊಸ್ತಿಲಿಂದ ಹೊಸ್ತಿಲಿಗೆ ನಾಲಗೆಯನ್ನು ಬದಲಿಸುತ್ತ ಹೋಗುತ್ತಾಳೆ. ನಾನು ಅಕ್ಷರಗಳನ್ನು ಒಂದನೆಯ ತರಗತಿಯ ಪುಸ್ತಕದಿಂದ ಕಲಿತೆನು, ಮಾತನ್ನು ಆಕೆಯಿಂದ. ತಮಿಳಿನ “ಪಾಲ್” ಎಂಬುದನ್ನು ಆಡಹೊರಟರೆ ನಮ್ಮ “ಹಾಲು” ಮುಂದೆ ಬಂದು ನಿಲ್ಲುತ್ತದೆ. “ಕನ್ನಡ ನುಸುಳಿಬಿಡ್ತು, ಮೇಷ್ಟ್ರೇ!” ಎಂದು ಆಕೆ ನಗುತ್ತಾಳೆ. ಹೀಗೆ ನುಸುಳುವ ಮಾತನ್ನು ತಡೆದು ತಕ್ಕ ಮಾತನ್ನು ಆರಿಸುವ ಕೆಲಸವೇ ಬುದ್ಧಿಗೆ ವ್ಯಾಯಾಮವೆಂದು ಬಿಯಾಲಿಸ್ಟಾಕ್ ಮೊದಲಾದವರು ವಿವರಿಸುತ್ತಾರೆ. ಕಂಠಪಾಠದಲ್ಲಿ ಈ ಆಯ್ಕೆಯೆಂಬುದಿಲ್ಲ. ಒಂದು ಪದವು ಮುಂದಿನ ಪದವನ್ನು ತಾನೇ ಎಳೆದು ತರುತ್ತದೆ.

ಈ ಶ್ರಮದಲ್ಲಿ ಆನಂದವೂ ಉಂಟು. ಕವರ್ಗದ ಮೊದಲ ನಾಲ್ಕು ವ್ಯಂಜನಗಳಿಗೂ ತಮಿಳಿನಲ್ಲಿ ಒಂದೇ ಅಕ್ಷರವೆಂದು ಕಂಡಾಗ, ಪಾಣಿನಿಯ ಸೂತ್ರಗಳಲ್ಲಿ ಬೆಳೆದ ನನಗೆ ಅಚ್ಚರಿಯಾಯಿತು. ಅಲ್ಲಿಯ “ವೇರ್” ನಮ್ಮ ಬೇರು, “ವಿಲ್” ನಮ್ಮ ಬಿಲ್ಲು, “ಪುಲಿ” ನಮ್ಮ ಹುಲಿ. ಹಳಗನ್ನಡದಲ್ಲಿದ್ದು ನಮ್ಮ ಬಳಕೆಯಿಂದ ಮರೆಯಾದ “ೞ” ಅಕ್ಷರವು ನೆರೆಮನೆಯಲ್ಲಿ ಇಂದಿಗೂ ಬಾಳುತ್ತಿದೆ. ಕಳೆದುಹೋದ ಒಡವೆಯನ್ನು ತಂಗಿಯ ಪೆಟ್ಟಿಗೆಯಲ್ಲಿ ಕಂಡಂತಾಯಿತು.

ಅಣ್ಣನವರಿಗೆ ಬಂದುದು ನನಗೂ ಬಂದೀತೋ, ಎಂದು ಬಂದೀತೋ, ಬಲ್ಲವರಿಲ್ಲ. ಒಂದನ್ನು ಮಾತ್ರ ಅನುಭವದಿಂದ ಹೇಳಬಲ್ಲೆನು: ಬೆಳಗ್ಗೆ ಏಳುವಾಗ ನನಗೆ ಈಗ ಒಂದು ಪಾಠ ಕಾದಿರುತ್ತದೆ, ಒಪ್ಪಿಸಿಕೊಳ್ಳಲು ಒಬ್ಬ ಗುರುವೂ ಇರುತ್ತಾಳೆ. ನನ್ನ ವಯಸ್ಸಿನ ವಾಚಕರಲ್ಲಿ ಇಷ್ಟೇ ಬಿನ್ನಹ. ಗುರುವನ್ನು ಅರಸಿ ದೂರ ಹೋಗಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ನಿಮಗೆ ತಿಳಿಯದ ಭಾಷೆಯನ್ನಾಡುವವರು ಯಾರೆಂದು ಮೊದಲು ವಿಚಾರಿಸಿರಿ.